ಬೆಟ್ಟಕ್ಕೆ ಯಾವ ಲೋಟ? ಅಡುಗೆಮನೆಯ ಲೋಟವೇ ಸಾಕು

ಮಳೆ ಬಿಟ್ಟು ಅಡಿಕೆ ಕೊಯ್ಲಿನ ಮೊದಲ ಸುತ್ತು ಶುರುವಾಗುವ ಹೊತ್ತಿಗೆ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಕುಮಾರ ಪರ್ವತದ ಮಾತು ಏಳುತ್ತದೆ. ಪುತ್ತೂರಿನ ಕಾಲೇಜು ಹುಡುಗರು, ಸುಳ್ಯದ ಅಂಗಡಿ ಹುಡುಗರು, ಕಡಬದ ರಿಕ್ಷಾ ಓಡಿಸುವವರು ಎಲ್ಲರೂ ಒಮ್ಮೆ ಹತ್ತಿ ಬರಬೇಕೆನ್ನುವವರೇ. ಯಾವ ಶೂ, ಯಾವ ಬ್ಯಾಗ್ ಎಂಬ ಪ್ರಶ್ನೆಗಳ ಜೊತೆಗೆ ಈಗ ಹೊಸದೊಂದು ಸೇರಿದೆ: ಚಾ ಕುಡಿಯಲು ಯಾವ ಮಗ್ ಒಯ್ಯಬೇಕು? ಹಗುರ ಇರಬೇಕು, ಬಿಸಿ ನಿಲ್ಲಬೇಕು, ಕೈ ಸುಡಬಾರದು.

ಪ್ರಶ್ನೆ ಸಣ್ಣದು ಎಂದು ನಗಬೇಡಿ. ಇದಕ್ಕೆ ಮೊಬೈಲಿನಲ್ಲಿ ಸಿಗುವ ಉತ್ತರ ಒಂದೋ ಎರಡು ಮೂರು ಸಾವಿರ ರೂಪಾಯಿಯ ಟೈಟಾನಿಯಂ ಮಗ್, ಇಲ್ಲವೇ 'ಯಾಕೆ ತಲೆಬಿಸಿ, ಪೇಪರ್ ಲೋಟದ ಒಂದು ಕಟ್ಟು ತೆಗೆದುಕೊಂಡು ಹೋಗಿ' ಎಂಬ ಸಲಹೆ. ಮೊದಲನೆಯದು ಜೇಬಿಗೆ ನಷ್ಟ. ಎರಡನೆಯದು ಬೆಟ್ಟಕ್ಕೆ, ಹೊಳೆಗೆ, ನಮ್ಮ ತೋಟಕ್ಕೆ ನಷ್ಟ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಮನೆಯಲ್ಲಿರುವ ತೆಳುವಾದ ಸ್ಟೀಲ್ ಲೋಟಕ್ಕಿಂತ ಒಳ್ಳೆಯದು ಈ ಬೆಟ್ಟಕ್ಕೆ ಬೇರೆ ಬೇಡ. ಯಾಕೆಂದು ಲೆಕ್ಕ ಹಾಕಿ ತೋರಿಸುತ್ತೇವೆ. ಈ ಲೋಟದ ಮಾತು ಬೆಟ್ಟದಲ್ಲೇ ಮುಗಿಯುವುದಿಲ್ಲ, ಅದನ್ನೂ ಹೇಳುತ್ತೇವೆ.

ತೂಕದ ಲೆಕ್ಕ

ಕುಮಾರ ಪರ್ವತದ ಎತ್ತರ 1712 ಮೀಟರ್. ಕುಕ್ಕೆಯಿಂದ ಹೊರಟರೆ ಗಿರಿಗದ್ದೆಯ ಭಟ್ಟರ ಮನೆ, ಕಲ್ಲು ಮಂಟಪ, ಶೇಷ ಪರ್ವತ ದಾಟಿ ತುದಿ ಮುಟ್ಟುವಾಗ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರಿರುತ್ತೇವೆ. ಅಂಥ ಏರಿನಲ್ಲಿ ಬೆನ್ನ ಮೇಲಿನ ಒಂದೊಂದು ಕಿಲೋ ಕೂಡ ಮೊಣಕಾಲಿಗೆ ಗೊತ್ತಾಗುತ್ತದೆ. ಹಗುರ ಇರಬೇಕು ಎಂಬ ಆಸೆ ಸರಿಯಾದದ್ದೇ. ಆದರೆ ಲೋಟದಲ್ಲಿ ಎಷ್ಟು ಹಗುರ ಮಾಡಬಹುದು?

ನಾವು ಮನೆಯ ಹತ್ತಿರದ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಲೋಟಗಳನ್ನು ಇಟ್ಟು ನೋಡಿದೆವು. ಹಳೆಯ ದಪ್ಪ ಲೋಟ ನೂರು ಗ್ರಾಂ ದಾಟಿತು. 200 ಮಿಲಿಲೀಟರ್ ಹಿಡಿಯುವ ತೆಳು ಲೋಟ 70 ಗ್ರಾಂ ಆಸುಪಾಸು ಬಂತು. ಸ್ಟೀಲಿನ ಸಾಂದ್ರತೆ ನೀರಿನ ಸುಮಾರು 8 ಪಟ್ಟು, ಟೈಟಾನಿಯಂನದು ನಾಲ್ಕೂವರೆ ಪಟ್ಟು, ಅಲ್ಯೂಮಿನಿಯಂನದು 2.7 ಪಟ್ಟು. ಅಂದರೆ ಅದೇ ಗಾತ್ರ, ಅದೇ ದಪ್ಪದ ಲೋಟವನ್ನು ಟೈಟಾನಿಯಂನಲ್ಲಿ ಮಾಡಿದರೆ 40 ಗ್ರಾಂ, ಅಲ್ಯೂಮಿನಿಯಂನಲ್ಲಿ ಮಾಡಿದರೆ 24 ಗ್ರಾಂ ಆಗುತ್ತದೆ.

ಸಾವಿರಗಟ್ಟಲೆ ಕೊಟ್ಟು ಉಳಿಸುವುದು 30 ಗ್ರಾಂ. 30 ಗ್ರಾಂ ಅಂದರೆ ಎರಡು ಗುಟುಕು ನೀರು. ಬೆಟ್ಟಕ್ಕೆ ಪ್ರತಿಯೊಬ್ಬರೂ ಎರಡು ಮೂರು ಲೀಟರ್ ನೀರು ಹೊರುತ್ತೇವೆ. ಬುಡದಲ್ಲೇ ಎರಡು ಗುಟುಕು ಕುಡಿದು ಹೊರಟರೆ ಟೈಟಾನಿಯಂ ಮಗ್ಗಿನ ಲಾಭ ಅಲ್ಲೇ ಸಿಕ್ಕಿತು!

ತಿಂಗಳುಗಟ್ಟಲೆ ಹಿಮಾಲಯದಲ್ಲಿ ನಡೆಯುವವರು ಪ್ರತಿ ವಸ್ತುವಿನಲ್ಲೂ ಗ್ರಾಂ ಉಳಿಸುವುದರಲ್ಲಿ ಅರ್ಥವಿದೆ. ಅವರು ಅದೇ ಮಗ್ಗನ್ನು ಸ್ಟೌ ಮೇಲಿಟ್ಟು ನೀರು ಕಾಯಿಸುತ್ತಾರೆ. ಟೈಟಾನಿಯಂ ಮಗ್ಗಿನ ದೊಡ್ಡ ಗುಣ ಅದು: ಪಾತ್ರೆಯೂ ಅದೇ, ಲೋಟವೂ ಅದೇ. ಆದರೆ ನಮ್ಮ ಬೆಟ್ಟದಲ್ಲಿ ಆ ಗುಣಕ್ಕೆ ಕೆಲಸವಿಲ್ಲ. ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ. ಅಭಯಾರಣ್ಯದಲ್ಲಿ ಬೆಂಕಿ ಹಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಜನವರಿ ಕಳೆದ ಮೇಲೆ ಅಲ್ಲಿನ ಹುಲ್ಲುಗಾವಲು ಒಣಗಿ ಹೇಗಿರುತ್ತದೆ ಎಂದು ನೋಡಿದವರಿಗೆ ಆ ಕಾನೂನಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಒಲೆಯೇ ಇಲ್ಲದ ಕಡೆ ಒಲೆಯ ಮೇಲಿಡುವ ಮಗ್ ಯಾಕೆ?

ಬೆಟ್ಟದ ಮೇಲೆ ಬಿಸಿ ಬೇಕೆಂದರೆ ಇರುವ ದಾರಿ ಒಂದೇ, ಫ್ಲಾಸ್ಕ್. ಅರ್ಧ ಲೀಟರಿನ ಸ್ಟೀಲ್ ಫ್ಲಾಸ್ಕ್ ಖಾಲಿ ಇರುವಾಗ ಸುಮಾರು 300 ಗ್ರಾಂ ತೂಗುತ್ತದೆ. ಅದರ ಮುಚ್ಚಳವೇ ಒಂದು ಲೋಟ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಒಬ್ಬರೇ ಹೋಗುವುದಾದರೆ ಬೇರೆ ಲೋಟವೇ ಬೇಡ. ಮೂರು ನಾಲ್ಕು ಜನ ಹೋಗುವುದಾದರೆ ಒಬ್ಬರು ಫ್ಲಾಸ್ಕ್ ಹೊರಲಿ, ಉಳಿದವರು ಒಂದೊಂದು ಲೋಟ ತರಲಿ.

ಒಂದೊಂದಾಗಿ ನೋಡೋಣ

ಸ್ಟೀಲ್ ಲೋಟದ ಮೇಲಿನ ದೊಡ್ಡ ದೂರು ಸುಡುತ್ತದೆ ಎಂಬುದು. ನಿಜ. ಆದರೆ ಸ್ಟೀಲ್ ಮತ್ತು ಟೈಟಾನಿಯಂ ಶಾಖ ದಾಟಿಸುವುದರಲ್ಲಿ ಹೆಚ್ಚು ಕಡಿಮೆ ಒಂದೇ. ಒಂದು ಪದರದ ಟೈಟಾನಿಯಂ ಮಗ್ ತುಟಿ ಸುಡುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದರ ಹಿಡಿ ಕೈಯನ್ನು ಉಳಿಸುತ್ತದೆ, ತುಟಿಯನ್ನಲ್ಲ. ನಮ್ಮ ಲೋಟದ ಅಂಚು ಹೊರಗೆ ಮಡಚಿ ಸುತ್ತಿರುವುದು ಸುಮ್ಮನೆ ಅಲಂಕಾರಕ್ಕಲ್ಲ. ಬಿಸಿ ಚಾ ಇರುವಾಗ ಹಿಡಿಯುವುದು ಅಂಚಿನಲ್ಲೇ, ಅದೂ ಮುಕ್ಕಾಲು ತುಂಬಿಸಿದಾಗ ಮಾತ್ರ. ಅದೂ ಆಗದಿದ್ದರೆ ಹೆಗಲ ಮೇಲಿನ ಬೈರಾಸ್ ಇದೆ. ಇನ್ನೂ ಚೆನ್ನಾಗಿ ಬೇಕೆಂದರೆ ಲೋಟದ ನಡುವಿಗೆ ಹತ್ತಿ ದಾರವನ್ನೋ ಬಾಳೆಯ ನಾರನ್ನೋ ಒತ್ತೊತ್ತಾಗಿ ಎರಡು ಬೆರಳು ಅಗಲಕ್ಕೆ ಸುತ್ತಿ ಗಂಟು ಹಾಕಿ. ಕೆಲವು ಗ್ರಾಂ ಹೆಚ್ಚಾಗುತ್ತದೆ, ಕೈ ಸುಡುವುದಿಲ್ಲ. ಸೈಕಲ್ ಟ್ಯೂಬಿನ ತುಂಡು ಹಾಕಿದರೂ ಆಗುತ್ತದೆ, ಆದರೆ ಬಿಸಿಗೆ ರಬ್ಬರಿನ ವಾಸನೆ ಬರುತ್ತದೆ.

ಅಲ್ಯೂಮಿನಿಯಂ ತೀರಾ ಹಗುರ, ತೀರಾ ಅಗ್ಗ. ಆದರೆ ಅದು ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖ ದಾಟಿಸುತ್ತದೆ. ಚಾ ಬಿಸಿ ಇರುವಾಗ ಮುಟ್ಟಲಿಕ್ಕಾಗುವುದಿಲ್ಲ, ಮುಟ್ಟಲಿಕ್ಕಾಗುವಾಗ ಚಾ ತಣಿದಿರುತ್ತದೆ. ಲಿಂಬೆ ಚಾ, ಪುನರ್ಪುಳಿ ಸಾರು ಮುಂತಾದ ಹುಳಿ ಹಾಕಿದರೆ ಲೋಹ ಕರಗಿ ರುಚಿ ಕೆಡುತ್ತದೆ. ತಾಮ್ರ, ಹಿತ್ತಾಳೆಗೂ ಇದೇ ಮಾತು. ಕಲಾಯಿ ಹಾಕದ ಹಿತ್ತಾಳೆ ಲೋಟಕ್ಕೆ ಹುಳಿ ಹಾಕಬಾರದು ಎಂಬುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಸಂಗತಿ. ಜೊತೆಗೆ ಅವು ಸ್ಟೀಲಿಗಿಂತಲೂ ಭಾರ.

ಎರಡು ಪದರದ ಸ್ಟೀಲ್ ಮಗ್ ಕೈ ಸುಡುವುದಿಲ್ಲ, ಚಾವನ್ನು ಹೆಚ್ಚು ಹೊತ್ತು ಬಿಸಿ ಇಡುತ್ತದೆ. ತೂಕ ಮಾತ್ರ ಒಂದು ಪದರದ ಲೋಟದ ಎರಡು ಪಟ್ಟಿಗಿಂತ ಹೆಚ್ಚು. ಫ್ಲಾಸ್ಕ್ ಜೊತೆಗಿರುವಾಗ ಇದು ಬೇಡ. ಸ್ವಲ್ಪ ಸ್ವಲ್ಪ ಬಗ್ಗಿಸಿಕೊಂಡು ಕುಡಿದರೆ ಕೊನೆಯ ಗುಟುಕೂ ಬಿಸಿಯೇ ಇರುತ್ತದೆ. ಬೆಟ್ಟದ ಗಾಳಿಯಲ್ಲಿ ಚಾವನ್ನು ಬಿಸಿ ಇಡುವ ಕೆಲಸ ಫ್ಲಾಸ್ಕಿನದು, ಲೋಟದ್ದಲ್ಲ.

ಪ್ಲಾಸ್ಟಿಕ್ ಲೋಟ ಕೊಳ್ಳುವವರು ಅದನ್ನು ಮಗುಚಿ ತಳ ನೋಡಿ. ತ್ರಿಕೋನದೊಳಗೆ ಒಂದು ಸಂಖ್ಯೆ ಇರುತ್ತದೆ. 5 ಇದ್ದರೆ ಅದು ಪಾಲಿಪ್ರೊಪಿಲೀನ್, ಬಿಸಿ ತಡೆಯುತ್ತದೆ, ನೀರಿಗಿಂತ ಹಗುರ. 1 ಇದ್ದರೆ ನೀರಿನ ಬಾಟಲಿಯ ಪ್ಲಾಸ್ಟಿಕ್, ಬಿಸಿಗೆ ಮೆತ್ತಗಾಗಿ ಮುದುಡುತ್ತದೆ. ನೀರಿನ ಬಾಟಲಿಯನ್ನು ಅರ್ಧಕ್ಕೆ ಕತ್ತರಿಸಿ ಚಾ ಕುಡಿಯುವವರನ್ನು ನಾವು ನೋಡಿದ್ದೇವೆ. ದಯವಿಟ್ಟು ಮಾಡಬೇಡಿ. ಸಂಖ್ಯೆಯೇ ಇಲ್ಲದ ಲೋಟ ಬಿಸಿ ಚಾಕ್ಕೆ ಬೇಡ. ಮಡಚುವ ಸಿಲಿಕೋನ್ ಲೋಟ ನೋಡಲು ಚಂದ, ಆದರೆ ಬಿಸಿ ತುಂಬಿದಾಗ ಗಟ್ಟಿ ಹಿಡಿದರೆ ಒಳಗೆ ಬಾಗುತ್ತದೆ, ಚಾ ಕೈ ಮೇಲೆ ಬೀಳುತ್ತದೆ.

ಇನ್ನು ನಮ್ಮ ಅಂಗಳದ ವಸ್ತುಗಳು. ತೆಂಗಿನ ಗೆರಟೆಯನ್ನು ಉಜ್ಜಿ ನಯಗೊಳಿಸಿದರೆ ಒಳ್ಳೆಯ ಬಟ್ಟಲಾಗುತ್ತದೆ, ಬಿಸಿಯನ್ನು ಕೈಗೆ ದಾಟಿಸುವುದಿಲ್ಲ. ಆದರೆ ತಳ ಉರುಟಾದ್ದರಿಂದ ಬಂಡೆಯ ಮೇಲೆ ಇಡಲಿಕ್ಕಾಗುವುದಿಲ್ಲ, ಚೀಲದಲ್ಲಿ ಒತ್ತಿದರೆ ಒಡೆಯುತ್ತದೆ. ಬಿದಿರಿನ ಲೋಟ ಹಗುರ, ಆದರೆ ನಮ್ಮ ಮಳೆಗಾಲದಲ್ಲಿ ಒಂದೇ ವಾರಕ್ಕೆ ಬೂಷ್ಟು ಹಿಡಿಯುತ್ತದೆ. ಅಡಿಕೆ ಹಾಳೆಯ ತಟ್ಟೆ ನಮ್ಮ ಮೂರೂ ತಾಲೂಕುಗಳಲ್ಲಿ ಎಷ್ಟೋ ಮನೆಗಳಿಗೆ ದುಡಿಮೆ ಕೊಟ್ಟಿದೆ, ಅದರ ಮೇಲೆ ನಮಗೆ ಅಭಿಮಾನವಿದೆ. ಆದರೂ ಬಿಸಿ ದ್ರವಕ್ಕೆ ಹಾಳೆಯ ಬಟ್ಟಲನ್ನು ನಾವು ಸೂಚಿಸುವುದಿಲ್ಲ. ಹಾಳೆಯಲ್ಲಿರುವ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಇಳಿಯಬಹುದೆಂದು 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹಾಳೆ ತಟ್ಟೆಗಳಿಗೆ ತಡೆ ಹಾಕಿತು. ನಮ್ಮ ಸಂಸ್ಥೆಗಳು ಪರೀಕ್ಷೆ ಮಾಡಿ ಉತ್ತರ ಕೊಡಬೇಕಾದ ವಿಷಯ ಅದು. ಅಲ್ಲಿಯವರೆಗೆ ಹಾಳೆಯಲ್ಲಿ ತಿಂಡಿ ಇರಲಿ, ಕುದಿಯುವ ಚಾ ಬೇಡ.

ಲೆಕ್ಕ ಇಷ್ಟೇ. ನೂರು ರೂಪಾಯಿಯೊಳಗೆ ಸಿಗುವ, ಬಿದ್ದರೂ ಒಡೆಯದ, ಹುಳಿಗೂ ಹಾಳಾಗದ, ಹೊಳೆಯಲ್ಲಿ ನೀರು ತೆಗೆಯಲು, ಅವಲಕ್ಕಿ ಕಲಸಲು, ಗಾಯ ತೊಳೆಯಲು ಎಲ್ಲಕ್ಕೂ ಆಗುವ ವಸ್ತು ತೆಳು ಸ್ಟೀಲ್ ಲೋಟ. ನೀರಿನ ಬಾಟಲಿಯ ತಳಕ್ಕೆ ಹೊಂದುವ ಗಾತ್ರದ್ದು ಸಿಕ್ಕಿದರೆ ಚೀಲದಲ್ಲಿ ಜಾಗವನ್ನೂ ತಿನ್ನುವುದಿಲ್ಲ.

ಪೇಪರ್ ಲೋಟ ಪೇಪರ್ ಅಲ್ಲ

ಅತ್ಯಂತ ಹಗುರವಾದದ್ದು ಯಾವುದು ಎಂದು ಕೇಳಿದರೆ ಉತ್ತರ ಪೇಪರ್ ಲೋಟ. ಕೆಲವೇ ಗ್ರಾಂ. ಅದನ್ನು ಒಯ್ಯುವವರ ವಾದ 'ಪ್ಲಾಸ್ಟಿಕ್ ಅಲ್ಲವಲ್ಲ, ಮಣ್ಣಿಗೆ ಸೇರುತ್ತದೆ' ಎಂಬುದು.

ಬರೀ ಕಾಗದದಲ್ಲಿ ಚಾ ನಿಲ್ಲುತ್ತದೆಯೇ? ಹಳೆಯ ಪತ್ರಿಕೆಯ ಪೊಟ್ಟಣ ಕಟ್ಟಿ ನೀರು ಹೊಯ್ದು ನೋಡಿ. ಪೇಪರ್ ಲೋಟದಲ್ಲಿ ಚಾ ನಿಲ್ಲುವುದು ಒಳಗಿನ ತೆಳುವಾದ ಪ್ಲಾಸ್ಟಿಕ್ ಪದರದಿಂದ. ಲೋಟ ಹರಿದು ನೀರಲ್ಲಿ ನೆನೆಸಿ ಕಾಗದ ಉಜ್ಜಿ ತೆಗೆದರೆ ಆ ಪದರ ಕೈಗೆ ಸಿಗುತ್ತದೆ, ಮಕ್ಕಳಿಗೆ ತೋರಿಸಲು ಒಳ್ಳೆಯ ಪ್ರಯೋಗ. ಖರಗ್‌ಪುರ ಐಐಟಿಯ ಸಂಶೋಧಕರು 2020ರಲ್ಲಿ ಒಂದು ಪರೀಕ್ಷೆಯ ಫಲ ಹೊರತಂದರು. ಇಂಥ ಲೋಟದಲ್ಲಿ 85ರಿಂದ 90 ಡಿಗ್ರಿ ಬಿಸಿಯ 100 ಮಿಲಿಲೀಟರ್ ದ್ರವವನ್ನು 15 ನಿಮಿಷ ಇಟ್ಟಾಗ ಅದಕ್ಕೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರುತ್ತವೆ ಎಂದು ಅವರು ಕಂಡುಕೊಂಡರು. ದಿನಕ್ಕೆ ಮೂರು ಚಾ ಕುಡಿಯುವವರು ಗುಣಿಸಿ ನೋಡಲಿ.

ಕಾನೂನಿನಲ್ಲೂ ಒಂದು ತೂತು ಇದೆ. 2022ರ ಜುಲೈ 1ರಿಂದ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ, ತಟ್ಟೆಗಳಿಗೆ ನಿಷೇಧ ಬಂತು. ಒಳಗೆ ಪ್ಲಾಸ್ಟಿಕ್ ಪದರವಿರುವ ಪೇಪರ್ ಲೋಟ ಆ ಪಟ್ಟಿಯಲ್ಲಿ ಇರಲಿಲ್ಲ. ಪ್ಲಾಸ್ಟಿಕ್ ಲೋಟ ಬಿಟ್ಟ ಅಂಗಡಿಗಳೆಲ್ಲ ಪೇಪರ್ ಲೋಟಕ್ಕೆ ಬಂದವು. ತಮಿಳುನಾಡು 2019ರಲ್ಲೇ ಪ್ಲಾಸ್ಟಿಕ್ ಪದರದ ಪೇಪರ್ ಲೋಟವನ್ನೂ ಸೇರಿಸಿ ನಿಷೇಧ ಮಾಡಿತ್ತು. ಮಾಡಬಹುದು ಎಂಬುದಕ್ಕೆ ಅದೇ ಉದಾಹರಣೆ.

ಬೆಟ್ಟದ ಮೇಲೆ ಬಿಟ್ಟು ಬಂದ ಲೋಟ ಎಲ್ಲಿಗೆ ಹೋಗುತ್ತದೆ? ಕುಮಾರಧಾರಾ ಹುಟ್ಟುವುದು ಆ ಬೆಟ್ಟಸಾಲಿನಲ್ಲೇ. ಕುಕ್ಕೆಯಲ್ಲಿ ಭಕ್ತರು ಮುಳುಗಿ ಏಳುವುದು ಆ ನೀರಿನಲ್ಲಿ. ಅದೇ ನೀರು ಕಡಬ ತಾಲೂಕಿನ ತೋಟಗಳ ಬದಿಯಲ್ಲಿ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿನ ಕಡೆಗೆ ಹೋಗುತ್ತದೆ. ಜೂನ್‌ನ ಮೊದಲ ಜೋರು ಮಳೆಗೆ ಬೆಟ್ಟದ ಕಸ ಇಳಿಯುವುದು ಈ ದಾರಿಯಲ್ಲೇ. ಸುಳ್ಯದವರಿಗೆ ಪಯಸ್ವಿನಿ ಇದ್ದಾಳೆ. ಅಲ್ಲಿ ಬಿಟ್ಟದ್ದು ಕಾಸರಗೋಡಿಗೆ ಹೋಗುತ್ತದೆ. ಬೆಟ್ಟದಲ್ಲಿ ಎಸೆದವರು ಬೆಂಗಳೂರಿನವರೇ ಇರಲಿ, ಪುತ್ತೂರಿನವರೇ ಇರಲಿ, ಪಂಪಿನ ಫುಟ್‌ವಾಲ್ವಿಗೆ ಸಿಕ್ಕಿಕೊಂಡದ್ದನ್ನು ಬಿಡಿಸುವವರು ನಾವೇ.

2024ರ ಜನವರಿ ಕೊನೆಯ ವಾರದಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆಯಂತೆ ನೆರೆದ ಜನರ ಫೋಟೋಗಳು ಎಲ್ಲರ ಮೊಬೈಲಿಗೂ ಬಂದಿದ್ದವು. ಅದರ ಬೆನ್ನಿಗೇ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಮತ್ತು ಸಂಖ್ಯೆಯ ಮಿತಿ ತಂದಿತು. ಜನರ ಸಂಖ್ಯೆಗೆ ಮಿತಿ ಬಂದದ್ದು ಒಳ್ಳೆಯದೇ. ಆದರೆ ಹತ್ತಿದವರು ಏನು ಹೊತ್ತು ಹೋಗುತ್ತಾರೆ, ಏನು ವಾಪಸು ತರುತ್ತಾರೆ ಎಂಬುದು ಟಿಕೆಟಿನಿಂದ ಮಾತ್ರ ಬಗೆಹರಿಯುವ ವಿಷಯವಲ್ಲ.

ದಿನಾ ಬೆಟ್ಟ ಹತ್ತುವವರು

ಚಾರಣ ಎಂಬ ಹೆಸರಿಲ್ಲದೆ ದಿನಾ ಬೆನ್ನಿಗೆ ಚೀಲ ಹಾಕಿ ಗುಡ್ಡ ಹತ್ತುವವರು ನಮ್ಮಲ್ಲಿ ಸಾವಿರಾರು ಜನ ಇದ್ದಾರೆ. ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚ್ ಕಟ್ಟಿ ರಬ್ಬರ್ ಟ್ಯಾಪಿಂಗಿಗೆ ಹೊರಡುವವರು. ಸುಳ್ಯ ಮತ್ತು ಕಡಬದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ತಲೆಮಾರುಗಳಿಂದ ಈ ಕೆಲಸ ಮಾಡುತ್ತಿವೆ. ಅಡಿಕೆಗೆ ಮದ್ದು ಬಿಡುವವರು, ಕೊಯ್ಲಿನವರು, ಕಾಡು ಸವರುವವರು ಎಲ್ಲರೂ ಏರು ತಗ್ಗಿನಲ್ಲೇ ದಿನ ಕಳೆಯುತ್ತಾರೆ.

ಇವರಿಗೆ ಹತ್ತು ಗಂಟೆಯ ಚಾ ಹೇಗೆ ಬರುತ್ತದೆ ಎಂದು ನೋಡಿದ್ದೀರಾ? ಮನೆಯಿಂದ ಬಂದರೆ ಫ್ಲಾಸ್ಕಿನಲ್ಲೋ ಕ್ಯಾನಿನಲ್ಲೋ ಬರುತ್ತದೆ. ಗೂಡಂಗಡಿಯಿಂದ ಬಂದರೆ ಹೆಚ್ಚಿನ ಕಡೆ ತೆಳು ಪ್ಲಾಸ್ಟಿಕ್ ಕವರಿನಲ್ಲಿ, ಬಾಯಿಗೆ ಗಂಟು ಹಾಕಿ. ಕುದಿಯುವ ಚಾ ಆ ಕವರಿನಲ್ಲಿ ಅರ್ಧ ಗಂಟೆ ಇರುತ್ತದೆ. ಜೊತೆಗೆ ನಾಲ್ಕು ಪೇಪರ್ ಲೋಟ. ಕುಡಿದ ಮೇಲೆ ಕವರು, ಲೋಟ ಎರಡೂ ಅಡಿಕೆ ಬುಡದಲ್ಲಿ ಉಳಿಯುತ್ತವೆ, ಇಲ್ಲವೇ ಸಂಜೆ ಸೊಪ್ಪು ಕಸದ ಜೊತೆ ಸುಡಲಾಗುತ್ತದೆ. ಕುಮಾರ ಪರ್ವತಕ್ಕೆ ಮಗ್ ಆರಿಸುವಾಗ ಕೈ ಸುಡಬಾರದು, ಆರೋಗ್ಯ ಕೆಡಬಾರದು ಎಂದು ಹತ್ತು ವಿಡಿಯೋ ನೋಡುವ ನಾವು ನಮ್ಮದೇ ತೋಟಕ್ಕೆ ಬಂದವರಿಗೆ ಕವರಿನ ಚಾ ಕೊಡುವುದು ಸರಿಯಾ?

ವರ್ಷಕ್ಕೊಮ್ಮೆ ಬೆಟ್ಟ ಹತ್ತುವವರಿಗೆ ಒಳ್ಳೆಯ ಲೋಟ ಬೇಕು ಎಂದರೆ, ದಿನಾ ಗುಡ್ಡ ಹತ್ತುವವರಿಗೂ ಬೇಕು. ತೋಟದ ಶೆಡ್ಡಿನಲ್ಲಿ ಆರು ಸ್ಟೀಲ್ ಲೋಟ, ಒಂದು ಫ್ಲಾಸ್ಕ್ ಇಟ್ಟರೆ ಮುಗಿಯುವ ಕೆಲಸ ಇದು. ಒಂದು ದಿನದ ಸಂಬಳಕ್ಕಿಂತ ಹೆಚ್ಚು ಖರ್ಚಿಲ್ಲ.

ಲೋಟದ ಹಿಂದಿನ ಕಥೆ

'ನಿಮ್ಮ ಲೋಟ ನೀವೇ ತನ್ನಿ' ಎಂದು ಹೇಳುವುದು ಸುಲಭ. ಆದರೆ ಈ ಮಾತಿಗೆ ನಮ್ಮ ಊರಲ್ಲಿ ಬೇರೊಂದು ಅರ್ಥವೂ ಇತ್ತು ಎಂಬುದನ್ನು ಮರೆತು ಬರೆಯಲು ನಮಗೆ ಮನಸ್ಸಿಲ್ಲ.

ಮೇಲೆ ಗೆರಟೆಯ ಬಟ್ಟಲನ್ನು ಹೊಗಳಿದೆವಲ್ಲ. ಅದೇ ಗೆರಟೆಯಲ್ಲಿ ಹೊಟೇಲಿನ ಹೊರಗೆ ನಿಂತು ಚಾ ಕುಡಿಯಬೇಕಾಗಿದ್ದ ಜನರ ನೆನಪು ಕರಾವಳಿಯಲ್ಲಿ ಇನ್ನೂ ಹಳತಾಗಿಲ್ಲ. ಕೆಲವು ಕಡೆ ಬೇರೆ ಗ್ಲಾಸು, ಕುಡಿದವರೇ ತೊಳೆದು ಮಗುಚಿ ಇಡಬೇಕು. ಸಾರ್ವಜನಿಕ ಹೊಟೇಲುಗಳಲ್ಲಿ ಇಂಥ ಭೇದ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಕಾನೂನು ಬಂದ ದಿನವೇ ರೂಢಿ ಹೋಗಲಿಲ್ಲ. ಕೆಲವು ಮನೆಗಳ ಅಂಗಳದಲ್ಲಿ ಕೆಲಸದವರ ಲೋಟ ಬೇರೆ ಇರುವುದು ಈಗಲೂ ಇದೆ. ಯಾರಿಗೂ ಗೊತ್ತಿಲ್ಲದ ಸಂಗತಿ ಏನಲ್ಲ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ಎಸೆಯುವ ಲೋಟ ಬಂದಾಗ ಅದನ್ನು ಇಷ್ಟಪಟ್ಟವರಲ್ಲಿ ಇವರೂ ಇದ್ದರು. ಎಲ್ಲರಿಗೂ ಒಂದೇ ಲೋಟ, ಯಾರೂ ಯಾರದ್ದನ್ನೂ ತೊಳೆಯಬೇಕಾಗಿಲ್ಲ, ಯಾರೂ ಹೊರಗೆ ನಿಲ್ಲಬೇಕಾಗಿಲ್ಲ. ಪೇಪರ್ ಲೋಟದ ಪರವಾಗಿ ನಾವು ಕೇಳಿದ ವಾದಗಳಲ್ಲಿ ಇದೊಂದೇ ಗಟ್ಟಿಯಾದದ್ದು. 'ಸ್ಟೀಲ್ ಗ್ಲಾಸಿಗೆ ವಾಪಸು ಹೋಗೋಣ' ಎನ್ನುವವರು ಮೊದಲು ಇದಕ್ಕೆ ಉತ್ತರ ಕೊಡಬೇಕು.

ನಮ್ಮ ಉತ್ತರ ಹೀಗಿದೆ. ಭೇದ ಇದ್ದದ್ದು ಮನಸ್ಸಿನಲ್ಲಿ. ಪೇಪರ್ ಲೋಟ ಅದನ್ನು ಅಡಗಿಸಿತು, ಅಳಿಸಲಿಲ್ಲ. ಕೆಲವು ಮನೆಗಳಲ್ಲಿ ಮನೆಯವರಿಗೆ ಸ್ಟೀಲ್ ಲೋಟ, ಕೆಲಸದವರಿಗೆ ಮಾತ್ರ ಪೇಪರ್ ಲೋಟ ಎಂದಾಗ ಅದೇ ಹಳೆಯ ಗೆರಟೆ ಹೊಸ ರೂಪದಲ್ಲಿ ಬಂದಂತೆ. ಆದ್ದರಿಂದ ತೋಟದ ಶೆಡ್ಡಿನಲ್ಲಿ ಇಡುವ ಆರು ಲೋಟ ಧಣಿಗೂ ಕೆಲಸದವರಿಗೂ ಒಂದೇ ಆಗಿರಬೇಕು, ಒಂದೇ ಬುಟ್ಟಿಯಲ್ಲಿ ಇರಬೇಕು, ಒಂದೇ ನೀರಿನಲ್ಲಿ ತೊಳೆಯಬೇಕು. ಸ್ವಂತ ಲೋಟ ಒಯ್ಯುವುದು ಇಷ್ಟಪಟ್ಟು ಮಾಡುವ ಕೆಲಸವಾಗಬೇಕು, ಅದೂ ಎಲ್ಲರೂ ಮಾಡುವ ಕೆಲಸ. ಯಾರ ಮೇಲೂ ಹೇರುವ ಶರತ್ತು ಆಗಬಾರದು. ಲೋಟ ತರದೆ ಅಂಗಡಿಗೆ ಬಂದವರಿಗೆ ಅಂಗಡಿಯ ತೊಳೆದ ಗಾಜಿನ ಗ್ಲಾಸು ಸಿಗಬೇಕು, ಯಾರು ಎಂದು ಕೇಳದೆ.

ಅಂಗಡಿಯವರ ಕಷ್ಟ

ಗೂಡಂಗಡಿ ನಡೆಸುವವರು ಹೇಳುವ ಮಾತಿನಲ್ಲಿಯೂ ನಿಜವಿದೆ. ಬೇಸಗೆಯಲ್ಲಿ ನೀರಿಲ್ಲ, ಗ್ಲಾಸು ತೊಳೆಯಲು ಜನ ಸಿಗುವುದಿಲ್ಲ, ದೀಪಾವಳಿಯಿಂದ ಪತ್ತನಾಜೆಯವರೆಗೆ ಜಾತ್ರೆ, ನೇಮ, ಆಟ ಎಂದು ರಾತ್ರಿಯಿಡೀ ಚಾ ಹೋಗುವಾಗ ತೊಳೆಯುತ್ತ ಕೂತರೆ ವ್ಯಾಪಾರ ಆಗುವುದಿಲ್ಲ. ಒಂದು ಬಕೆಟ್ ನೀರಿನಲ್ಲಿ ಐವತ್ತು ಗ್ಲಾಸು ಅದ್ದಿ ತೆಗೆಯುವುದಕ್ಕಿಂತ ಪೇಪರ್ ಲೋಟ ಶುಚಿ ಎಂದು ಗಿರಾಕಿಗಳೂ ಹೇಳುತ್ತಾರೆ. ಕೊರೊನಾ ಕಾಲದ ನಂತರ ಆ ಮಾತು ಇನ್ನೂ ಗಟ್ಟಿಯಾಗಿದೆ.

ಆದರೆ ಲೆಕ್ಕ ಹಾಕಿ. ದಿನಕ್ಕೆ 200 ಚಾ ಹೋಗುವ ಅಂಗಡಿ ವರ್ಷಕ್ಕೆ 73,000 ಲೋಟ ಎಸೆಯುತ್ತದೆ. ಅಷ್ಟಕ್ಕೂ ಅಂಗಡಿಯವರೇ ದುಡ್ಡು ಕೊಟ್ಟಿರುತ್ತಾರೆ. ಸ್ವಂತ ಲೋಟ ತಂದವರಿಗೆ ಚಾದಲ್ಲಿ ಒಂದು ರೂಪಾಯಿ ಕಡಿಮೆ ಮಾಡಿದರೂ ಅಂಗಡಿಗೆ ದೊಡ್ಡ ನಷ್ಟವಿಲ್ಲ. ಲೋಟ ತಂದವರನ್ನು ವಿಚಿತ್ರವಾಗಿ ನೋಡದಿದ್ದರೆ ಅದೇ ದೊಡ್ಡ ಸಹಾಯ. 'ಅಳತೆ ತಪ್ಪುತ್ತದೆ' ಎನ್ನುವವರಿಗೆ ನಾವು ಹೇಳುವುದು, ನಿಮ್ಮ ಗ್ಲಾಸಿನಲ್ಲಿ ಅಳೆದು ಅವರ ಲೋಟಕ್ಕೆ ಹೊಯ್ಯಿರಿ, ಮುಗಿಯಿತು.

ಶಿವರಾತ್ರಿಗೆ ಶಿರಾಡಿ ಘಾಟಿಯಲ್ಲಿ ಧರ್ಮಸ್ಥಳಕ್ಕೆ ನಡೆದುಕೊಂಡು ಬರುವವರಿಗೆ, ಚಂಪಾ ಷಷ್ಠಿಗೆ ಕುಕ್ಕೆಗೆ ಬರುವವರಿಗೆ ದಾರಿಯುದ್ದಕ್ಕೂ ಪಾನಕ, ಮಜ್ಜಿಗೆ, ಚಾ ಕೊಡುವ ಸಂಘಗಳಿವೆ. ಒಳ್ಳೆಯ ಸೇವೆ. ಮರುದಿನ ಆ ಜಾಗದಲ್ಲಿ ಉಳಿಯುವುದು ಲೋಟದ ರಾಶಿ. ಪಾದಯಾತ್ರೆಗೆ ಬರುವವರ ಹೆಗಲಲ್ಲಿ ಹೇಗೂ ಚೀಲವಿರುತ್ತದೆ. ಅದರಲ್ಲಿ ಒಂದು ಲೋಟಕ್ಕೆ ಜಾಗವಿಲ್ಲವೇ? ಕರಪತ್ರದಲ್ಲಿ 'ನೀರಿನ ಬಾಟಲಿ, ಬೆಡ್‌ಶೀಟ್ ತನ್ನಿ' ಎಂದು ಬರೆಯುವವರು 'ಒಂದು ಲೋಟ ತನ್ನಿ' ಎಂದೂ ಬರೆದರೆ ಅರ್ಧ ಕೆಲಸ ಆಯಿತು. ಉಳಿದರ್ಧಕ್ಕೆ ಸಂಘದವರೇ ನೂರಿನ್ನೂರು ಸ್ಟೀಲ್ ಲೋಟ ಕೊಂಡು ಇಟ್ಟುಕೊಳ್ಳಲಿ. ಮದುವೆ, ಗೃಹಪ್ರವೇಶಕ್ಕೂ ಬಾಡಿಗೆಗೆ ಹೋಗುತ್ತವೆ. ನಮ್ಮ ದೇವಸ್ಥಾನ, ಭಜನಾ ಮಂದಿರಗಳಲ್ಲಿ ಪಾತ್ರೆ ಬಾಡಿಗೆಗೆ ಕೊಡುವುದು ಹೊಸ ವಿಷಯವೇನೂ ಅಲ್ಲ.

ಏನು ಮಾಡಬಹುದು

ಮುಂದಿನ ಚಾರಣದ ಕಾಲಕ್ಕೆ ಮೊದಲು ಇಷ್ಟು ಆದರೆ ಸಾಕು ಎಂದು ನಮಗೆ ಅನಿಸುತ್ತದೆ.

ಹತ್ತುವವರು: 200 ಮಿಲಿಲೀಟರಿನ ತೆಳು ಸ್ಟೀಲ್ ಲೋಟ, ದಾರ ಸುತ್ತಿದ್ದು, ಒಬ್ಬರಿಗೆ ಒಂದು. ಗುಂಪಿಗೆ ಒಂದು ಫ್ಲಾಸ್ಕ್. ಲೋಟವನ್ನು ಚೀಲದ ಹೊರಗೆ ನೇತು ಹಾಕಬೇಡಿ, ಬಂಡೆಗೆ ತಾಗಿ ಸದ್ದಾಗುತ್ತದೆ. ಅದು ಆನೆ, ಕಾಟಿ ಇರುವ ಕಾಡು. ಟೈಟಾನಿಯಂಗೆ ಇಟ್ಟ ದುಡ್ಡನ್ನು ಒಳ್ಳೆಯ ಶೂಗೆ ಹಾಕಿ. ಬೀಳದೆ ಬರುವುದು ಅದರಿಂದ.

ಅರಣ್ಯ ಇಲಾಖೆ: ಪ್ಲಾಸ್ಟಿಕ್ ಒಯ್ಯಬೇಡಿ ಎಂದು ಹೇಳುವಾಗ ಪೇಪರ್ ಲೋಟದ ಹೆಸರನ್ನೂ ಎತ್ತಿ ಹೇಳಲಿ. ಪೇಪರ್ ಎಂಬ ಹೆಸರು ಕೇಳಿ ಜನ ಅದನ್ನು ಪ್ಲಾಸ್ಟಿಕ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬುಕಿಂಗ್ ಆದಾಗ ಮೊಬೈಲಿಗೆ ಬರುವ ಸಂದೇಶದಲ್ಲಿ 'ನಿಮ್ಮ ಲೋಟ ತನ್ನಿ' ಎಂಬ ಒಂದು ಸಾಲು ಸೇರಿಸಲು ಖರ್ಚೇನೂ ಇಲ್ಲ.

ಗ್ರಾಮ ಪಂಚಾಯತ್‌ಗಳು: ಜಾತ್ರೆ, ಪಾದಯಾತ್ರೆಗಳಿಗೆ ಅನುಮತಿ ಕೊಡುವಾಗ ಲೋಟದ ವ್ಯವಸ್ಥೆ ಏನು ಎಂದು ಕೇಳಲಿ. ಸ್ವಚ್ಛ ವಾಹಿನಿಯಲ್ಲಿ ಕಸ ಎತ್ತುವ ಅಕ್ಕಂದಿರನ್ನು ಕೇಳಿ ನೋಡಿ, ಚಾದ ಅಂಟು ಹಿಡಿದ ಪೇಪರ್ ಲೋಟ ಕಾಗದಕ್ಕೂ ಸೇರುವುದಿಲ್ಲ, ಪ್ಲಾಸ್ಟಿಕ್ಕಿಗೂ ಸೇರುವುದಿಲ್ಲ. ಬೇರ್ಪಡಿಸಲು ಕೂರುವುದು ಅವರು, ಎಸೆದವರಲ್ಲ.

ತೋಟದವರು: ನಾಳೆಯಿಂದ ಕವರಿನ ಚಾ ಬೇಡ. ಇದಕ್ಕೆ ಯಾವ ಆದೇಶವೂ ಬೇಕಾಗಿಲ್ಲ.

ಇದರಲ್ಲಿ ಯಾವುದೂ ಬೆಟ್ಟದಷ್ಟು ದೊಡ್ಡ ಕೆಲಸವಲ್ಲ. ಹಗುರ ಲೋಟ ಯಾವುದು ಎಂದು ಕೇಳುವ ಹುಡುಗರಿಗೆ ನಾವು ಹೇಳುವುದಿಷ್ಟೇ. ಚೀಲದಲ್ಲಿ ಎಷ್ಟು ಗ್ರಾಂ ಆಯಿತು ಎಂದು ಮಾತ್ರ ಅಳೆಯಬೇಡಿ, ಇಳಿದು ಬಂದಾಗ ಬೆಟ್ಟದ ಮೇಲೆ ಎಷ್ಟು ಗ್ರಾಂ ಬಿಟ್ಟು ಬಂದಿರಿ ಎಂಬುದನ್ನೂ ಅಳೆಯಿರಿ. ಪೇಪರ್ ಲೋಟ ಐದು ಗ್ರಾಂ ಇರಬಹುದು, ಅದನ್ನು ಬೆಟ್ಟ ವರ್ಷಗಟ್ಟಲೆ ಹೊರಬೇಕು. ಎಪ್ಪತ್ತು ಗ್ರಾಂ ಸ್ಟೀಲ್ ಲೋಟವನ್ನು ನೀವು ಎರಡು ದಿನ ಹೊತ್ತರೆ ಸಾಕು, ಮೂರನೆಯ ದಿನ ಅದು ಅಡುಗೆಮನೆಯ ಸ್ಟ್ಯಾಂಡಿನಲ್ಲಿರುತ್ತದೆ. ಈ ಬಾರಿ ಹೊರಡುವಾಗ ಶೂ, ಬ್ಯಾಗ್ ಜೊತೆಗೆ ಅದನ್ನೂ ನೆನಪು ಮಾಡಿ. ಅಮ್ಮನ ಹತ್ತಿರ ಕೇಳಿ ತೆಗೆದುಕೊಂಡು ಹೋಗಿ, ವಾಪಸು ತಂದು ಕೊಡಿ.